ಮೊಲ ಕಲಿಸಿದ ಜಪಾನಿ ಭಾಷೆ

ನನಗೆ ಜಪಾನಿ ಭಾಷೆ ಕಲಿಸಿದ್ದು ಒಂದು ಮೊಲ. ಬಿಳಿ ಮೊಲ, ತಲೆಗೆ ಕೆಂಪು ಟೊಪ್ಪಿ. ಮೊಬೈಲಿನೊಳಗೆ ಕೂತಿರುತ್ತಿತ್ತು, ಸರಿ ಉತ್ತರ ಒತ್ತಿದಾಗಲೆಲ್ಲ ಎದ್ದು ಕುಣಿಯುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಆಗಲೂ ಈಗಲೂ ನಾನು ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಜಪಾನಿನ ವೃದ್ಧಾಶ್ರಮವೊಂದಕ್ಕೆ ನಮ್ಮ ಕಡೆಯ ನರ್ಸುಗಳು ಬೇಕಂತೆ, ಭಾಷೆ ಬಂದರೆ ಕರೆಸಿಕೊಳ್ಳುತ್ತಾರಂತೆ ಎಂದು ಸುದ್ದಿಯಾಯಿತು. ಅವರು ಮೂವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ, ಸಂದರ್ಶನವೂ ವರ್ಷಕ್ಕೊಮ್ಮೆ ಮಾತ್ರ. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಅಂದರೆ ನನಗಿದ್ದದ್ದು ಒಂದೇ ಸಂದರ್ಶನ. ಬ್ರಹ್ಮಾವರದ ತರಬೇತಿ ಕೇಂದ್ರದಲ್ಲಿ ಭಾನುವಾರ ಮಾತ್ರ ಪಾಠ, ಉಳಿದ ಆರು ದಿನ ಮೊಬೈಲ್ ಆ್ಯಪಿನಲ್ಲೇ ಕಲಿಯಬೇಕು. ಯಾವ ಆ್ಯಪ್ ಸರ್ ಎಂದು ಕೇಳಿದರೆ ಮೇಷ್ಟ್ರು, "ನಿಮ್ಗೆ ಯಾವ್ದ್ ಹಿಡಿಸ್ತೋ ಅದೇ ಆತ್ತ್" ಎಂದರು. ಕಲಿಸುವವರು ಕೊಡುವ ಉತ್ತರವೇ ಇದು?

ಮೂರು ಇಳಿಸಿಕೊಂಡೆ. ಒಂದು ಬೂದು ಬಣ್ಣದ್ದು. ಚಿತ್ರವಿಲ್ಲ, ಸಂಗೀತವಿಲ್ಲ, ಬರೀ ಚೀಟಿ ಮಗುಚುತ್ತಾ ಹೋಗುವುದು. ಆದರೆ ಮೊದಲ ದಿನವೇ ಅದರಲ್ಲಿ ಬಂದದ್ದು 'ಸೊಂಟ ನೋಯುತ್ತಿದೆಯೇ', 'ಹಲ್ಲಿನ ಸೆಟ್ ತೆಗೆಯಲೇ', 'ಸ್ವಲ್ಪ ಈ ಮಗ್ಗುಲಿಗೆ ತಿರುಗಿ'. ನಾಲ್ಕೇ ದಿನಕ್ಕೆ ಬೇಜಾರು ಬಂದು ತೆಗೆದು ಹಾಕಿದೆ. ಇನ್ನೊಂದು ನಮ್ಮ ಉಚ್ಚಾರ ಕೇಳಿ ತಿದ್ದುವಂಥದ್ದು. ಮರವಂತೆಯಿಂದ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಅದರ ಜೊತೆ ಮಾತಾಡಲು ಹೋದರೆ, ಹಾರನ್ನಿನ ನಡುವೆ ಅದಕ್ಕೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. "ಎಂತ ಮಾರಾಯ್ತಿ, ಯಾರತ್ರ ಜಗ್ಳ?" ಎಂದು ಪಕ್ಕದ ಹೆಂಗಸು ಕೇಳಿದ ದಿನ ಅದನ್ನೂ ತೆಗೆದೆ.

ಉಳಿದದ್ದು ಮೊಲ. ಬಳಸಿದವರೆಲ್ಲ ಅದಕ್ಕೆ ಐದೈದು ನಕ್ಷತ್ರ ಕೊಟ್ಟಿದ್ದರು. ಆದರೆ ನಾನು ಅದನ್ನು ಇಟ್ಟುಕೊಂಡದ್ದು ನಕ್ಷತ್ರ ನೋಡಿ ಅಲ್ಲ. ತಪ್ಪಿದರೆ ಅದು ಬೈಯುತ್ತಿರಲಿಲ್ಲ. ದಿನವಿಡೀ ಡಾಕ್ಟರ ಬಾಯಿ, ರೋಗಿಯ ಕಡೆಯವರ ಬಾಯಿ ಕೇಳಿದವಳಿಗೆ, ಯಾರೋ ಒಬ್ಬರು ಶಹಬ್ಬಾಸ್ ಅಂದರೆ ಸಾಕಾಗಿತ್ತು. ಅದು ಹೇಳಿಕೊಟ್ಟದ್ದು 'ಬೆಕ್ಕು ಛತ್ರಿ ಕೊಂಡಿತು', 'ಚಿಕ್ಕಮ್ಮ ಸೇಬು ತಿಂದರು'. ಆರು ತಿಂಗಳು ಒಂದು ದಿನವೂ ಬಿಡದೆ ಇದನ್ನೇ ಕಲಿತೆ. ಜಪಾನಿನ ಯಾವ ಮುದುಕಿ ನನ್ನ ಹತ್ತಿರ ಬೆಕ್ಕಿನ ಛತ್ರಿಯ ಸುದ್ದಿ ಕೇಳುತ್ತಾಳೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ದಡ್ಡಿ.

ಸಂದರ್ಶನ ತರಬೇತಿ ಕೇಂದ್ರದ ಲ್ಯಾಪ್‌ಟಾಪಿನಲ್ಲಿ. ಆ ಕಡೆ ಒಬ್ಬ ಹಿರಿಯರು, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಹೆಂಗಸು. ನನ್ನ ಪರಿಚಯವನ್ನು ಬಾಯಿಪಾಠ ಮಾಡಿದ್ದೆ, ಗಡಗಡ ಹೇಳಿದೆ. ಹಿರಿಯರು ಏನೋ ಕೇಳಿದರು. ಅರ್ಧ ಅರ್ಥವಾಯಿತು, ಅರ್ಧ ಉತ್ತರ ಹೇಳಿ ನಿಲ್ಲಿಸಿದೆ. ಅವರು ಏನೂ ಹೇಳಲಿಲ್ಲ. ಅಲ್ಲಾಡಲೂ ಇಲ್ಲ. ಹೆಂಗಸಿನ ಪೆನ್ನೂ ನಿಂತಿತ್ತು. ನಮ್ಮ ಊರಲ್ಲಿ ಇಬ್ಬರು ಎದುರೆದುರು ಕೂತು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಒಂದೋ ಜಗಳವಾಗಿರಬೇಕು, ಇಲ್ಲವೇ ನೆಟ್‌ವರ್ಕ್ ಹೋಗಿರಬೇಕು. ನೆಟ್‌ವರ್ಕ್ ಹೋಯಿತೆಂದೇ ತಿಳಿದೆ. ಆಗ 'ಸುಮಿಮಾಸೆನ್' ಎನ್ನಬೇಕು, ಕ್ಷಮಿಸಿ ಎಂದು ಅರ್ಥ. ಅದು ನನಗೆ ಗೊತ್ತಿತ್ತು, ಆ ಒಂದು ಪದಕ್ಕೇ ಮೊಲ ನೂರು ಸಲ ಕುಣಿದಿತ್ತು. ಆದರೆ ಗಾಬರಿಯಲ್ಲಿ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ, ಕೇಳಿಸುತ್ತಿದೆಯೇ ಎಂದು ನಮ್ಮ ಭಾಷೆಯಲ್ಲೇ ನಾನು ಕೂಗಿದ್ದು, "ಹ್ವಾಯ್! ಹ್ವಾಯ್, ಕೇಂತಿತ್ತಾ?"

ಹಿರಿಯರು ಕಣ್ಣು ಮಿಟುಕಿಸಿದರು. ನೆಟ್‌ವರ್ಕ್ ಇತ್ತು. ನನ್ನ ಉತ್ತರದ ಉಳಿದರ್ಧಕ್ಕಾಗಿ ಅವರು ಕಾಯುತ್ತಿದ್ದರು.

ನನ್ನ ಹ್ವಾಯ್ ಅವರಿಗೆ 'ಓಯ್' ಎಂದು ಕೇಳಿಸಿರಬೇಕು; ಅವರ ಭಾಷೆಯಲ್ಲಿ ಅದು ಕೈಕೆಳಗಿನವರನ್ನು ಗದರಿ ಕರೆಯುವ ಮಾತಂತೆ. ಮೇಷ್ಟ್ರು ಇದನ್ನು ಹೇಳಿದ್ದು ಎಲ್ಲ ಮುಗಿದ ಮೇಲೆ. ನಮ್ಮಲ್ಲಿ ಗಂಡನನ್ನು, ಗುರುತಿಲ್ಲದ ಹಿರಿಯರನ್ನು ಕರೆಯುವುದೇ ಹ್ವಾಯ್ ಎಂದು. ಅದರಲ್ಲಿ ಮರ್ಯಾದೆ ಇದೆ ಎಂದು ಅವರಿಗೆ ಯಾರು ಹೇಳುತ್ತಾರೆ? ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಪಟ್ಟಿ ಬಂದ ದಿನವೂ ಮೊಲ ತಪ್ಪದೆ ಕುಣಿಯಿತು. ಅಲ್ಲಿಗೆ ಅದನ್ನು ಅಳಿಸಿದೆ.

ಮುಂದಿನ ವರ್ಷ ನನ್ನದೇ ವಾರ್ಡಿನ ಹುಡುಗಿ, ವಂಡ್ಸೆಯವಳು, ಅದೇ ಆಶ್ರಮಕ್ಕೆ ಅರ್ಜಿ ಹಾಕಿದಳು. ಅವಳಿಗೆ ಇಪ್ಪತ್ತಮೂರು.

"ಅಕ್ಕ, ಯಾವ ಆ್ಯಪ್ ಹಾಕಂಬುದ್? ನೀವೇ ಹೇಳ್ಕ್."

ಬೂದು ಬಣ್ಣದ್ದರ ಹೆಸರು ಬಾಯಿ ತುದಿಯಲ್ಲಿತ್ತು. ಸೊಂಟ, ಹಲ್ಲಿನ ಸೆಟ್, ಮಗ್ಗುಲು, ಎಲ್ಲ ನೆನಪಿತ್ತು. ನನಗೆ ಸಿಗದ್ದು ಇವಳಿಗೇಕೆ ಸಿಗಬೇಕು ಎನಿಸಿತು. ಹೊಟ್ಟೆಕಿಚ್ಚು, ಬೇರೇನಲ್ಲ.

"ಮೊಲದ್ದ್ ಹಾಕ್ಕೊ. ಲಾಯ್ಕಿತ್ತ್" ಎಂದೆ.

ಅವಳು ಆಯ್ಕೆಯಾದಳು. ಹೇಗೆಂದು ನಾನು ಕೇಳಲಿಲ್ಲ. ಆರೇಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಲ್ಲಿಂದ ವಿಡಿಯೋ ಕಾಲ್ ಮಾಡಿದಳು. ತೆಳು ಗುಲಾಬಿ ಯೂನಿಫಾರ್ಮು, ಕೆನ್ನೆ ತುಂಬಿಕೊಂಡಿತ್ತು. ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಂಡೇಜು ಸುತ್ತಿಡುತ್ತಿದ್ದೆ.

"ಆ ಮೊಲ ಎಂತದೂ ಕಲ್ಸ್ಲಿಲ್ಲೆ ಅಕ್ಕ," ಎಂದು ನಕ್ಕಳು. "ನಂಗೆ ಮಾತೇ ಬತ್ತಿರ್ಲಿಲ್ಲೆ. ಅದ್ಕೇ ಸಂದರ್ಶನದಲ್ಲ್ ಅವ್ರ್ ಸುಮ್ನಾದಾಗ ನಾನೂ ಸುಮ್ನೇ ಕೂಕಂಡಿದ್ದೆ. ಸಮಾಧಾನದ ಹುಡ್ಗಿ, ಅಜ್ಜಿಯಂದ್ರಿಗೆ ಇಂಥವ್ಳೇ ಬೇಕ್ ಅಂದ್ರ್. ಎಲ್ಲಾ ನಿಮ್ಮಿಂದ್ಲೇ ಆದ್ದ್ ಅಕ್ಕ. ನೀವ್ ಬೇರೆ ಆ್ಯಪ್ ಹೇಳಿದ್ರೆ ನಾನೂ ಬಾಯಿ ಬಿಟ್ಟ್ ಕೆಡ್ಸ್ಕಂತಿದ್ದೆ."

ಕೆಡಲೆಂದೇ ಹೇಳಿದ್ದು ಮಾರಾಯ್ತಿ ಎನ್ನಬೇಕಿತ್ತು. ಒಳ್ಳೆಯದಾಯಿತು ಎಂದಾದರೂ ಅನ್ನಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ.

"ಹ್ವಾಯ್," ಎಂದಳು ಅವಳು ಮೊಬೈಲಿನ ಹತ್ತಿರ ಬಗ್ಗಿ. "ಹ್ವಾಯ್ ಅಕ್ಕ, ಕೇಂತಿತ್ತಾ? ನೆಟ್‌ವರ್ಕ್ ಹೋಯ್ತ್ ಕಾಂತ್."

ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಅವಳಾಗಿ ಕಾಲ್ ಕಟ್ ಮಾಡುವವರೆಗೆ ನಾನು ಕಣ್ಣು ಮಿಟುಕಿಸದೆ ಕೂತಿದ್ದೆ.