ಸಾಲಿನ ನಡುವೆ ನಿಂತ ಹಾಲವ್ವ

ನನ್ನ ಸಂಸಾರ ಎಷ್ಟು ಎತ್ತರದಲ್ಲಿದೆ ಎಂಬುದು ನನಗೆ ತಿಳಿದದ್ದು 1985ರ ಮೇ ತಿಂಗಳ ಒಂದು ಭಾನುವಾರ, ಮಲಾಡಿನ ಒಂದು ಚಾಳಿನ ಅಂಗಳದಲ್ಲಿ, ಎಲ್ಲರ ಎದುರಿಗೆ.

ಅಂದು ಜನರನ್ನು ಸಾಲು ನಿಲ್ಲಿಸಿದವನೂ ನಾನೇ. ನಮ್ಮ ಕನ್ನಡ ಸಂಘ ಗಲ್ಲಿಯ ಮಕ್ಕಳಿಗೆ ಶಾಲೆಯ ಪುಸ್ತಕದ ಹಣ ಕೊಡಬೇಕೆಂದಿತ್ತು. ಆದರೆ ಗಲ್ಲಿಯ ಮನೆಗಳಲ್ಲಿ ನಟ್ಟನಡುವಿನದು ಯಾವುದೋ ಅದಕ್ಕಿಂತ ಕಡಿಮೆ ಗಳಿಸುವ ಮನೆಗಳಿಗೆ ಮಾತ್ರ. ಮನೆಮನೆಗೆ ಹೋಗಿ ಆದಾಯ ಕೇಳಿದೆ. ಎಲ್ಲರೂ ಚಹಾ ಕೊಟ್ಟರು, ಅಂಕಿ ಕೊಡಲಿಲ್ಲ. ಆಗ ನನಗೆ ಈ ಉಪಾಯ ಹೊಳೆಯಿತು. ಮನೆಗೊಬ್ಬರು ಬಂದು ನಿಲ್ಲಲಿ, ಹೆಚ್ಚು ಗಳಿಸುವ ಮನೆಯವರು ಗೋಡೆಯ ಕಡೆಗೆ, ಕಡಿಮೆಯವರು ನಲ್ಲಿಯ ಕಡೆಗೆ. ಯಾರ ಒಲೆ ಎಷ್ಟು ಹೊತ್ತು ಉರಿಯುತ್ತದೆಂದು ಚಾಳಿನಲ್ಲಿ ಎಲ್ಲರಿಗೂ ಗೊತ್ತು. ನಡುವೆ ನಿಂತವರೊಬ್ಬರು ನನ್ನ ಕಿವಿಯಲ್ಲಿ ಅಂಕಿ ಹೇಳಿದರೆ ಸಾಕು.

ನಾನು ಬಾಂದ್ರಾದ ಆಫೀಸಿನ ಗುಮಾಸ್ತ, ಇಸ್ತ್ರಿ ಅಂಗಿಯವನು, ಪಕ್ಕದ ಬಿಲ್ಡಿಂಗಿನಲ್ಲಿ ಇರುವವನು. ಹಾಗಾಗಿ ಸಹಜವಾಗಿಯೇ ಗೋಡೆಗೆ ಒರಗಿ ಮೊದಲಿಗೆ ನಿಂತೆ. ಕಟ್ಟಡ ಕಟ್ಟುವ ಗೌಂಡಿ ಗುರಲಿಂಗಪ್ಪ ನನ್ನ ಮೊಣಕೈ ಹಿಡಿದ.

“ಸಾಹೇಬ್ರ, ಸ್ವಲ್ಪ ಈ ಕಡಿ ಬರ್ರಿ. ನಮ್ಮ ಮನ್ಯಾಗ ನಾಕ್ ಮಂದಿ ದುಡಿತೇವಿ.”

ಸರಿದೆ.

“ಇನ್ನೊಂದೀಟ ಬರ್ರಿ,” ಎಂದ ಖಂಡಪ್ಪ. ಅವನ ಮನೆಯಲ್ಲಿ ಮೂವರು.

ನನ್ನದು ಒಬ್ಬನೇ ದುಡಿಯುವ ಮನೆ. ಬಹಳ ಮರ್ಯಾದೆಯಿಂದ, ಬೆನ್ನಿಗೆ ಕೈಯಿಟ್ಟು, ಎಲ್ಲರೂ ಸೇರಿ ನನ್ನನ್ನು ನಲ್ಲಿಯ ಹತ್ತಿರದ ಬಿಸಿಲಿಗೆ ಸಾಗಿಸಿದರು. ಸಾಲಿನ ನಡುವೆ ನಿಂತಿದ್ದ ಹಾಲವ್ವನನ್ನು ದಾಟುವಾಗ ಅವಳು ಕೇಳಿದಳು, “ಅಲ್ಲ್ಯಾಕ ನಿಂತಿದ್ರಿ ಸಾಹೇಬ್ರ?”

“ಅಲ್ಲಿ ನೆರಳಿತ್ತು,” ಎಂದೆ.

“ಹೌದ್ ಬಿಡ್ರಿ,” ಎಂದಳು. ನಗಲಿಲ್ಲ.

ಹಾಲವ್ವ ಇಂಡಿ ತಾಲ್ಲೂಕಿನ ಕಡೆಯವಳು. ಗಂಡ ಭೀಮರಾಯ ಗಾರೆ ಕೆಲಸದವನು. ಯಾವ ಬಿಲ್ಡಿಂಗ್ ಕಟ್ಟುತ್ತಿದ್ದರೋ ಅದರ ಬುಡದಲ್ಲೇ ಗುಡಿಸಲು ಹಾಕಿಕೊಂಡಿದ್ದು, ಅದು ಎದ್ದು ನಿಂತೊಡನೆ ಮುಂದಿನದರ ಬುಡಕ್ಕೆ ಹೋಗುತ್ತಿದ್ದರು. ಹೀಗೆ ಅರ್ಧ ಮಲಾಡನ್ನು ಕಟ್ಟಿ, ಕಡೆಗೆ ಈ ಚಾಳಿನಲ್ಲಿ ಒಂದು ಖೋಲಿ ಹಿಡಿದರು. ಅವಳು ಜೋಳದ ರೊಟ್ಟಿ ಬಡಿದು ಕೆಲಸಗಾರರಿಗೆ ಮಾರುತ್ತಿದ್ದಳು. ನನ್ನ ಬಿಲ್ಡಿಂಗನ್ನು ‘ನಮ್ಮದು’ ಎಂದೇ ಕರೆಯುತ್ತಿದ್ದಳು. “ನಿಮ್ಮ ಅಡಗಿಮನಿ ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ, ಅದು ನಮ್ಮವರ ಕೈಲೆ ಆದದ್ದು,” ಎಂದು ನನ್ನ ಹೆಂಡತಿಗೆ ತಾಕೀತು ಮಾಡಿದ್ದಳು.

ಆ ವರ್ಷ ನಡುವಿನ ಮನೆಯ ಅಂಕಿ ಹಾಲವ್ವನದೇ ಆಯಿತು. ನನ್ನ ಮಗಳು ಶಾಮಲಾಳ ಎಂಟನೆಯ ತರಗತಿಯ ಪುಸ್ತಕಗಳು ಸಂಘದ ಹಣದಲ್ಲಿ ಬಂದವು. ಆ ಹಣ ಹೇಗೆ ಸಿಕ್ಕಿತೆಂದು ಹೆಂಡತಿ ವನಮಾಲಾ ಕೇಳಲಿಲ್ಲ. ನನ್ನ ಮೆರವಣಿಗೆಯನ್ನು ಅವಳು ಕಿಟಕಿಯಿಂದ ನೋಡಿದ್ದಳು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಭೀಮರಾಯ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಹಾಸಿಗೆಯಿಂದ ಏಳಲಿಲ್ಲ. ಮನೆ ರೊಟ್ಟಿಯ ಮೇಲೆ ನಿಂತಿತು. ಜೂನಿನಲ್ಲಿ ಮಗಳು ಮೋಹಿನಿ ಎಂಟನೆಯ ತರಗತಿಗೆ ಬಂದಳು, ನಾವು ಮತ್ತೆ ಸಾಲು ನಿಂತೆವು.

ಬೆಳಗಿನಿಂದ ಬಿಡದ ಮಳೆ. ಈ ಸಲ ಗೋಡೆಯ ಕಡೆಗೆ ಯಾರೂ ಇಲ್ಲ, ಛತ್ರಿಗಳೆಲ್ಲ ನಲ್ಲಿಯ ಸುತ್ತಲೇ ತಿಕ್ಕಾಡುತ್ತಿದ್ದವು.

“ಖಂಡಪ್ಪ, ನಿನ್ನ ಮಗಾ ಸಾಂತಾಕ್ರೂಜ್ ಹೋಟೆಲ್ದಾಗ ಹತ್ಯಾನ. ಮ್ಯಾಲ ಹೋಗು,” ಎಂದ ಗುರಲಿಂಗಪ್ಪ.

“ಅವಾ ಮನಿಗಿ ಹೊಟ್ಟಿ ಅಷ್ಟ ತರ್ತಾನ. ಪಗಾರ ತರಂಗಿಲ್ಲ.”

ನನ್ನನ್ನು ಯಾರೂ ಸಾಗಿಸಬೇಕಾಗಲಿಲ್ಲ. ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು ನಾನೇ ಹೋಗಿ ನಲ್ಲಿಯ ಬಳಿ ನಿಂತೆ. ಹಾಲವ್ವ ಮಾತ್ರ ಸೆರಗು ಹೊದ್ದು ಬಂದು ತನ್ನ ಹಳೆಯ ಜಾಗದಲ್ಲೇ ನಿಂತಳು. ನೂಕಾಟ ನಿಂತಿತು. ಅವಳಿಗೆ ‘ಆಚೆ ಸರಿ’ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ನಾನೇ ಹತ್ತಿರ ಹೋಗಿ, “ಹಾಲವ್ವ, ನಲ್ಲಿ ಕಡೆ ಬನ್ನಿ. ಮೋಹಿನಿಯ ಪುಸ್ತಕ...” ಎಂದೆ.

“ಹ್ವಾದ ವರ್ಷ ಇಲ್ಲೇ ನಿಂತಿದ್ದೆನಲ್ರಿ.”

ಉಳಿದವರು ಅವಳ ಆಚೆಗೊಬ್ಬರು ಈಚೆಗೊಬ್ಬರು ಹಂಚಿಕೊಂಡು ನಿಂತರು. ನಡು ಮತ್ತೆ ಅವಳದೇ ಆಯಿತು. ಕಿವಿ ಕೊಟ್ಟೆ. ಭೀಮರಾಯ ದುಡಿಯುತ್ತಿದ್ದ ಕಾಲದ ಅಂಕಿಯನ್ನೇ ಹೇಳಿದಳು. ಅದನ್ನೇ ಬರೆದುಕೊಂಡೆ. ನಡುವಿನ ಮನೆಗೆ ಹಣವಿಲ್ಲ, ಮೋಹಿನಿಯ ಹೆಸರು ಪಟ್ಟಿಗೆ ಬರಲಿಲ್ಲ.

“ಭೇಷ್ ಕಣ್ರೀ ಶಾಮಣ್ಣ,” ಎಂದರು ಸಂಘದ ಅಧ್ಯಕ್ಷ ವೆಂಕಟಸುಬ್ಬಯ್ಯನವರು. “ವರ್ಷ ಕಳೆದರೂ ನಮ್ಮ ಗಲ್ಲಿಯ ಆದಾಯ ಒಂದು ರೂಪಾಯಿ ಇಳಿದಿಲ್ಲ. ವರದಿಯಲ್ಲಿ ಹಾಕಿ.”

ಹಾಕಿದೆ.

ಎರಡು ವಾರ ಬಿಟ್ಟು, ಶಾಮಲಾಳ ಹಳೆಯ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅವಳ ಖೋಲಿಗೆ ಹೋದೆ. ಶಾಲೆಯ ಹೊತ್ತು. ಮೋಹಿನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಪುಸ್ತಕ ಆದ ಮ್ಯಾಲ ಹೋಗ್ತಾಳ್ರಿ,” ಎಂದಳು ಹಾಲವ್ವ, ನಾನು ಕೇಳುವ ಮೊದಲೇ. ಕಟ್ಟು ಬಿಚ್ಚಿ ಒಂದೊಂದನ್ನೂ ಸೆರಗಿನಿಂದ ಒರೆಸಿದಳು. “ವರ್ಷದ ಕಡಾ ಅನ್ರಿ. ಹೊಳ್ಳಿ ಕೊಡ್ತೇನಿ.”

ಸಂಘ ನನಗೆ ಕೊಟ್ಟಿದ್ದನ್ನು ನಾನು ಅವಳಿಗೆ ಸಾಲ ಕೊಟ್ಟಂತಾಯಿತು. ತಲೆ ತಗ್ಗಿಸಿಕೊಂಡು ಹೊರಡಬೇಕಿತ್ತು. ನಾಲಿಗೆ ನನ್ನ ಮಾತು ಕೇಳಲಿಲ್ಲ.

“ಅಂದು ನೀವು ನಲ್ಲಿ ಕಡೆ ಯಾಕೆ ಬರಲಿಲ್ಲ ಹಾಲವ್ವ?”

ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಅವಳು ರೊಟ್ಟಿ ಮಗುಚಿದಳು.

“ಆ ಕಡಿ ಭಾಳ ಬಿಸಲಿತ್ರಿ, ಸಾಹೇಬ್ರ.”