ಒಂದೇ ಕೈಯ ಓದುಗರಿಗೆ ಪುಸ್ತಕ ಬಿಚ್ಚುವ ಟ್ರಾಲಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಡಯಾಲಿಸಿಸ್ ವಾರ್ಡಿನಲ್ಲಿ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಒರಗು ಕುರ್ಚಿಗಳನ್ನು ಒರೆಸುತ್ತ ಸಾಲಿನ ಕೊನೆಯವರೆಗೆ ಹೋಗುತ್ತಿದ್ದಾರೆ. ಹಾಸು ಹೊದಿಸುತ್ತಾರೆ, ಕಸದ ಡಬ್ಬಿಗಳಿಗೆ ಬಣ್ಣದ ಚೀಲ ಹಾಕುತ್ತಾರೆ, ಯಂತ್ರಗಳ ಮೇಲಿನ ಧೂಳು ತೆಗೆಯುತ್ತಾರೆ. ಅವರಿಗೆ ಸಂಬಳ ಸಿಗುವುದು ಇಷ್ಟಕ್ಕೆ. ಇದು ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು, ಮೂಲೆಯಲ್ಲಿ ನಿಂತ ಹಳೆಯ ಊಟದ ಟ್ರಾಲಿಯ ಮೇಲಿನ ಬಟ್ಟೆ ಸರಿಸುತ್ತಾರೆ. ಅದರ ಮೇಲಿರುವುದು ತೆಳ್ಳಗಿನ ಕಟ್ಟುಗಳು. ಒಂದೊಂದಕ್ಕೂ ಹದಿನಾರು ಪುಟ, ಬೆನ್ನಿಗೆ ದಾರದ ಹೊಲಿಗೆ. ಯಾವುದೋ ಕಾದಂಬರಿಯ ನಡುವಿನ ತುಂಡು, ಯಾವುದೋ ಸೀಮೆಯ ಚರಿತ್ರೆಯ ಮೊದಲ ತುಂಡು.

ಇಲ್ಲಿಗೆ ಬರುವವರೆಲ್ಲ ಇವರನ್ನು ಕರೆಯುವುದು ಟ್ರಾಲಿ ಅಕ್ಕ ಎಂದು.

ಬೆಳಗಿನ ಪಾಳಿಯವರು ಒಬ್ಬೊಬ್ಬರಾಗಿ ತೂಕದ ಯಂತ್ರ ಹತ್ತಿ ಇಳಿದು ತಮ್ಮ ತಮ್ಮ ಕುರ್ಚಿಗೆ ಬರುತ್ತಾರೆ. ಕಿಟಕಿ ಪಕ್ಕದ ಕುರ್ಚಿ ನಿವೃತ್ತ ಬಸ್ ಕಂಡಕ್ಟರದ್ದು. ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ಅವರು ಕೇಳುತ್ತಾರೆ: "ಅಕ್ಕಾ, ಮುಂದಿನ ತುಂಡು ಬಂತಾ?"

"ಟೈಲರಮ್ಮನ ಹತ್ರ ಇದೆ ಅಣ್ಣ. ಅವರು ನಿಧಾನಕ್ಕೆ ಓದ್ತಾರೆ."

"ಅದು ನಿಧಾನ ಅಲ್ಲ, ನಿದ್ದೆ. ಹೋದ್ಸಲ ಬಾಯಿ ಬಿಟ್ಕೊಂಡು ಓದ್ತಾ ಇದ್ರು."

ಎದುರು ಸಾಲಿನಿಂದ ಟೈಲರಮ್ಮ ಬಿಡುವುದಿಲ್ಲ. "ಇದೇನು ನಿಮ್ಮ ಬಸ್ಸಾ, ರೈಟ್ ರೈಟ್ ಅಂತ ಓಡ್ಸೋಕೆ? ನನ್ದು ಮುಗಿಯೋವರೆಗೂ ಕಾಯ್ರಿ ಸುಮ್ನೆ."

ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕೂರುವುದು. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ಶುದ್ಧವಾಗಿ ಒಳಗೆ ಬರುವವರೆಗೆ ಸೂಜಿಯ ಕೈ ಅಲ್ಲಾಡುವಂತಿಲ್ಲ. ಉಳಿಯುವುದು ಒಂದೇ ಕೈ. ಆ ಕೈಯಲ್ಲಿ ಮೊಬೈಲು ಹಿಡಿಯುವವರು ಹಿಡಿಯುತ್ತಾರೆ. ಆದರೆ ವರ್ಷಗಟ್ಟಲೆ ಬರುವವರಿಗೆ ಮೊಬೈಲೂ ಬೇಸರ ತರಿಸುತ್ತದೆ. ಗೋಡೆಯ ಟಿವಿಯಂತೂ ಯಾರೂ ನೋಡದಿದ್ದರೂ ಮಾತಾಡುತ್ತಲೇ ಇರುತ್ತದೆ.

ಮೊದಲು ಅಕ್ಕ ತರುತ್ತಿದ್ದದ್ದು ಇಡೀ ಪುಸ್ತಕವನ್ನೇ. ಒಂದು ದಿನ ಕಂಡಕ್ಟರ ಕೈಯಿಂದ ದಪ್ಪ ಕಾದಂಬರಿಯೊಂದು ಜಾರಿ ಕೊಳವೆಯ ಮೇಲೆ ಬಿತ್ತು. ಯಂತ್ರ ಕೂಗಿಕೊಂಡಿತು, ಸಿಸ್ಟರುಗಳು ಓಡಿ ಬಂದರು. ಯಾರಿಗೂ ಏನೂ ಆಗಲಿಲ್ಲ. ಇನ್ನು ಮೇಲೆ ಇಲ್ಲಿ ದಪ್ಪ ಪುಸ್ತಕ ಕಾಣಕೂಡದು ಎಂದು ವಾರ್ಡಿನ ಹಿರಿಯ ಸಿಸ್ಟರ್ ಖಡಾಖಂಡಿತವಾಗಿ ಹೇಳಿದರು. ಅಕ್ಕ ಅದೇ ಕಾದಂಬರಿಯನ್ನು ಮನೆಗೆ ಒಯ್ದು ಬೆನ್ನಿನ ದಾರ ಬಿಚ್ಚಿದರು. ಮುಂದಿನ ಪಾಳಿಗೆ ಕಂಡಕ್ಟರಿಗೆ ಸಿಕ್ಕಿದ್ದು ಹದಿನಾರೇ ಪುಟ. "ಟಿಕೆಟ್ ಪುಸ್ತಕಕ್ಕಿಂತ ಹಗುರ," ಎಂದರಂತೆ.

ಬಿಚ್ಚುವ ವಿದ್ಯೆ ತವರಿನಿಂದ ಬಂದದ್ದು. ಅಪ್ಪ ಬೈಂಡಿಂಗ್ ಕೆಲಸದವರು. ಅಚ್ಚಾದ ದೊಡ್ಡ ಹಾಳೆಯನ್ನು ಹದಿನಾರು ಪುಟವಾಗುವಂತೆ ಮಡಚುವುದು ಅಮ್ಮನ ಪಾಲಿನ ಕೆಲಸ, ಆ ಮಡಿಕೆಗಳನ್ನು ಜೋಡಿಸಿ ಹೊಲಿಯುವುದು ಅಪ್ಪನದು. ಹಾಗೆ ಹೊಲಿದ ಒಂದೊಂದು ಮಡಿಕೆಗೆ ಅವರ ಬಾಯಲ್ಲಿ 'ಫಾರಂ' ಎಂದು ಹೆಸರು. ಯಂತ್ರಗಳು ಬಂದವು, ಅಂಗಡಿ ಮುಚ್ಚಿತು, ಅಪ್ಪ ಹೋದರು. ಮಗಳು ಆಸ್ಪತ್ರೆಯ ಕೆಲಸಕ್ಕೆ ಸೇರಿದರು. ಗಂಡ ಲಿಫ್ಟ್ ಆಪರೇಟರ್. ಅಮ್ಮ ಇವರ ಜೊತೆಗೇ ಇದ್ದಾರೆ.

ಪುಸ್ತಕಗಳು ಬರುವುದು ಭಾವನ ಹಳೆ ಪೇಪರ್ ಅಂಗಡಿಯಿಂದ. ಹೆಸರಾದ ಪುಸ್ತಕಗಳನ್ನು ಭಾವ ಬೇರೆ ಎತ್ತಿಟ್ಟು ಮಾರುತ್ತಾರೆ. ಯಾರೂ ಕೇಳದವು ರಟ್ಟಿನ ಪೆಟ್ಟಿಗೆಗಳ ಜೊತೆ ತೂಕಕ್ಕೆ ಹೋಗುತ್ತವೆ. ಅವುಗಳಲ್ಲಿ ಬೇಕಾದ್ದನ್ನು ಹೆಂಡತಿಯ ತಂಗಿಯಾದ ಅಕ್ಕ ಆರಿಸಿಕೊಳ್ಳಬಹುದು ಎಂಬ ರಿಯಾಯಿತಿ ಇದೆ. ಯಾರೂ ಓದದ ಕಾದಂಬರಿ, ಯಾರೂ ಕೇಳದ ಊರುಗಳ ಚರಿತ್ರೆ ಇವರ ಟ್ರಾಲಿ ಹತ್ತಿದ್ದು ಹೀಗೆ. ಇದರ ಹಿಂದೆ ದೊಡ್ಡ ತತ್ವವೇನೂ ಇಲ್ಲ, ಸಿಕ್ಕಿದ್ದು ಅದೇ. "ಆಮೇಲೆ ಓದಿ ನೋಡಿದೆ. ಅರ್ಧಕ್ಕರ್ಧ ನಿಜವಾಗ್ಲೂ ಚೆನ್ನಾಗಿಲ್ಲ," ಎನ್ನುತ್ತಾರೆ ಅಕ್ಕ. "ಇನ್ನರ್ಧ ಇಷ್ಟು ದಿನ ಎಲ್ಲಿತ್ತಪ್ಪಾ ಅನ್ಸುತ್ತೆ." ಇನ್ನೊಂದು ಕಾರಣವೂ ಇದೆ. ಈಗಿನ ಪುಸ್ತಕಗಳ ಬೆನ್ನಿಗೆ ಬರೀ ಗೋಂದು. ಬಿಚ್ಚಿದರೆ ಹಾಳೆ ಹಾಳೆಯಾಗಿ ಉದುರುತ್ತವೆ. ಹೊಲಿಗೆಯ ಹಳೆ ಪುಸ್ತಕ ಮಾತ್ರ ಫಾರಂ ಫಾರಂ ಆಗಿ ಬಿಡಿಸಿಕೊಳ್ಳುತ್ತದೆ. ಎಲ್ಲರೂ ಓದಿ ಮುಗಿಸಿದ ಮೇಲೆ ಅಕ್ಕ ಅದನ್ನು ಮತ್ತೆ ಹೊಲಿದು, ರಟ್ಟು ಹಾಕಿ, ಕೇಳಿದವರಿಗೆ ಕೊಡುತ್ತಾರೆ. ಇಲ್ಲಿಯವರೆಗೆ ಬಿಚ್ಚಿದ್ದೆಲ್ಲ ಮತ್ತೆ ಪುಸ್ತಕವಾಗಿದೆ.

ಓದಿಸುವ ರೀತಿಯೂ ಇವರದೇ. ಪುಸ್ತಕದ ಗುಣಗಾನ ಮಾಡುವುದಿಲ್ಲ, ಲೇಖಕರ ಹೆಸರೂ ಹೇಳುವುದಿಲ್ಲ. ಒಳಗಿರುವ ಒಂದು ಜಗಳವನ್ನಷ್ಟೇ ಹೇಳಿ ಟ್ರಾಲಿ ತಳ್ಳಿಕೊಂಡು ಮುಂದೆ ಹೋಗುತ್ತಾರೆ. ಓದು ಅಂದರೆ ತನಗಾಗದು ಎನ್ನುತ್ತಿದ್ದ ಟೈಲರಮ್ಮನಿಗೆ ಹೇಳಿದ್ದು ಇಷ್ಟೇ: "ಇದರಲ್ಲೊಬ್ಬಳು ಅತ್ತೆ ಇದಾಳೆ. ಓದಿದ್ರೆ ನಿಮ್ಮತ್ತೆ ದೇವರು ಅನ್ಸುತ್ತೆ."

"ಸುಳ್ಳು," ಎಂದು ಟೈಲರಮ್ಮ ಕೈ ಚಾಚಿದರು. ಅಂದಿನಿಂದ ಚಾಚುತ್ತಲೇ ಇದ್ದಾರೆ.

ತಪ್ಪುಗಳೂ ಆಗಿವೆ. ಈ ರೋಗಿಗಳು ಅಳತೆ ಮಾಡಿಯೇ ನೀರು ಕುಡಿಯಬೇಕು, ಹೆಚ್ಚಾದದ್ದು ಮೈಯಲ್ಲೇ ಉಳಿದು ತೂಕ ಏರುತ್ತದೆ. ಇದನ್ನು ಮರೆತು ಅಕ್ಕ ಒಮ್ಮೆ ತೋಟದ ಬಾವಿಯ ಸುತ್ತ ನಡೆಯುವ ಕಾದಂಬರಿಯೊಂದನ್ನು ಹಂಚಿದರು. ಪ್ರತಿ ಅಧ್ಯಾಯದಲ್ಲೂ ಯಾರಾದರೊಬ್ಬರು ತಣ್ಣನೆಯ ನೀರು ಸೇದಿ ಗಟಗಟ ಕುಡಿಯುತ್ತಾರೆ. ಮುಂದಿನ ಸಲ ತೂಕ ನೋಡಿದ ಹಿರಿಯ ಸಿಸ್ಟರ್ ಇವರನ್ನು ಕರೆದರು. "ಏನಮ್ಮಾ ಓದಿಸಿದೆ ಇವರಿಗೆ?"

"ಬಾವಿ ಕಥೆ ಸಿಸ್ಟರ್."

"ಬಾವಿನೇ ಕುಡ್ಕೊಂಡು ಬಂದಿದಾರೆ ನೋಡು."

ಅಂದಿನಿಂದ ಅಕ್ಕ ಯಾವ ಪುಸ್ತಕವನ್ನೂ ಮೊದಲು ತಾವು ಓದದೆ ಕೊಡುವುದಿಲ್ಲ. ಇನ್ನೊಮ್ಮೆ ಒಂದೇ ಅಳತೆಯ ಎರಡು ಸೀಮೆಗಳ ಚರಿತ್ರೆಗಳನ್ನು ಒಟ್ಟಿಗೇ ಬಿಚ್ಚಿ ಫಾರಂಗಳು ಅದಲು ಬದಲಾದವು. ಪುಟಸಂಖ್ಯೆ ಮಾತ್ರ ಸರಿಯಾಗಿ ಮುಂದುವರಿಯಿತು. ಒಂದು ಫಾರಂನ ಕೊನೆಯಲ್ಲಿ ಯುದ್ಧದಲ್ಲಿ ಸತ್ತ ದೊರೆ ಮುಂದಿನ ಫಾರಂನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ. ಕಂಡಕ್ಟರು ಚಕಾರ ಎತ್ತದೆ ಎರಡು ವಾರ ಓದಿದರು. ಯಾಕೆ ಹೇಳಲಿಲ್ಲ ಎಂದರೆ, "ಸತ್ತ ಮೇಲೂ ವಸೂಲಿ ನಿಲ್ಸದೋರನ್ನ ನಾನು ನೋಡಿದೀನಿ. ಇವನೂ ಹಂಗೇ ಅನ್ಕೊಂಡೆ," ಎನ್ನುತ್ತಾರೆ.

ಈಗ ವಾರ್ಡಿನಲ್ಲಿ ಓಡುತ್ತಿರುವುದು ನದಿಯಾಚೆಯ ಸೀಮೆಯೊಂದರ ಚರಿತ್ರೆ. ಬರೆದವರು ಭೂಮಿ ಅಳತೆಯ ಕೆಲಸದಲ್ಲಿದ್ದವರು. ಹಳ್ಳಿ ಹಳ್ಳಿ ನಡೆದು ಕೇಳಿದ್ದನ್ನು ನಿವೃತ್ತಿಯ ಮೇಲೆ ಬರೆದಿದ್ದಾರೆ. ಒಂದೇ ಮುದ್ರಣ ಕಂಡಂತಿದೆ. ಇನ್ನೊಂದು ಪ್ರತಿ ಅಕ್ಕನಿಗಾಗಲಿ ಭಾವನಿಗಾಗಲಿ ಇದುವರೆಗೆ ಸಿಕ್ಕಿಲ್ಲ. ಅದರ ಮುಖ್ಯ ಭಾಗ ಕಾಲುವೆಯ ತೂಬಿಗಾಗಿ ಮೇಲಿನೂರು, ಕೆಳಗಿನೂರು ತಲೆಮಾರುಗಳ ಕಾಲ ಆಡಿದ ಜಗಳ. ಇಷ್ಟು ನೀರಿರುವ ಪುಸ್ತಕ ಕೊಡುವುದೋ ಬೇಡವೋ ಎಂದು ಅಕ್ಕ ಬಹಳ ಯೋಚಿಸಿದರು. "ನೀರಿನ ಜಗಳ ಓದಿದ್ರೆ ಬಾಯಾರಿಕೆ ಆಗಲ್ಲ, ಸಿಟ್ಟು ಬರುತ್ತೆ," ಎಂದು ಟೈಲರಮ್ಮ ಧೈರ್ಯ ಕೊಟ್ಟರು. ಅವರು ಕೆಳಗಿನೂರಿನ ಪಕ್ಷ. ಕಂಡಕ್ಟರು ಮೇಲಿನೂರು. ಉಳಿದ ಕುರ್ಚಿಗಳೂ ಎರಡಾಗಿ ಹಂಚಿಹೋಗಿವೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಓದುತ್ತಿರುವುದು ಟೈಲರಮ್ಮ. ಕಥೆ ಅವರಿಗೂ ನ್ಯಾಯಾಲಯದವರೆಗೆ ಬಂದಿದೆಯಷ್ಟೆ. ತೀರ್ಪನ್ನು ಇನ್ನೂ ಯಾರೂ ಓದಿಲ್ಲ. ಅಕ್ಕನಿಗೆ ಗೊತ್ತು, ಹೇಳುವುದಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಆದೇಶ ಬಂತು. ಒಬ್ಬರ ಕುರ್ಚಿಯಿಂದ ಇನ್ನೊಬ್ಬರ ಕುರ್ಚಿಗೆ ಹೋಗುವ ಯಾವುದೇ ವಸ್ತು ಔಷಧ ಹಾಕಿ ಒರೆಸುವಂತಿರಬೇಕು, ಇಲ್ಲವೇ ಒಬ್ಬರಿಗೇ ಮೀಸಲಾಗಿರಬೇಕು. ಕಾಗದವನ್ನು ಒರೆಸಲಾಗದು. "ಇಷ್ಟು ದಿನ ಬಿಟ್ಟಿದ್ದೇ ನನ್ನ ತಪ್ಪು," ಎಂದರು ಹಿರಿಯ ಸಿಸ್ಟರ್. "ತಿಂಗಳು ಮುಗಿಯೋದ್ರೊಳಗೆ ದಾರಿ ಹುಡುಕು. ಸಿಗದಿದ್ರೆ ಟ್ರಾಲಿ ಎತ್ತಿಬಿಡೋಣ."

ಅಕ್ಕನಿಗೆ ಸಿಸ್ಟರ್ ಮೇಲೆ ಬೇಸರವಿಲ್ಲ. "ಅವರು ಹೇಳೋದು ಸರಿನೇ. ಇಲ್ಲಿ ರಕ್ತ ಹೊರಗೆ ಬಂದು ಒಳಗೆ ಹೋಗುತ್ತೆ. ಯಾರಿಗಾದ್ರೂ ಏನಾದ್ರೂ ಅಂಟಿದ್ರೆ ಈ ಚರಿತ್ರೆ ಪುಸ್ತಕ ತಗೊಂಡು ಏನ್ಮಾಡೋದು?" ಒಬ್ಬರಿಗೇ ಮೀಸಲಿಟ್ಟರೆ ಉಳಿದವರಿಗೆ ಪುಸ್ತಕವಿಲ್ಲ. ಇರುವುದೇ ಒಂದು ಪ್ರತಿ.

ಮೊದಲು ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಗಳಲ್ಲಿ ಹಾಳೆ ತೂರಿಸಿ ತಂದರು. ಸಿಸ್ಟರ್ ತಾವೇ ಔಷಧದ ಬಟ್ಟೆಯಿಂದ ಒರೆಸಿ ನೋಡಿದರು. ಬಾಯಿ ತೆರೆದ ಕಡೆ ದ್ರವ ಇಳಿದು ಹಾಳೆ ಒದ್ದೆಯಾಯಿತು. ಆಗದು ಎಂದರು. ಇನ್ನು ಉಳಿದದ್ದು ಲ್ಯಾಮಿನೇಷನ್, ಸುತ್ತಲೂ ಮುಚ್ಚಿಬಿಡುವುದು. ಆದರೆ ಅದಕ್ಕೆ ಫಾರಂನ ಮಡಿಕೆಯನ್ನು ಕತ್ತರಿಸಿ ಬಿಡಿ ಹಾಳೆ ಮಾಡಬೇಕು. ಮಡಿಕೆ ಹೋದ ಮೇಲೆ ಸೂಜಿ ಹೋಗಲು ಜಾಗವಿಲ್ಲ. ಆ ಪುಸ್ತಕವನ್ನು ಮತ್ತೆ ಹೊಲಿಯಲಾಗದು. "ದಾರ ಬಿಚ್ಚೋದು ಬೇರೆ, ಮಡಿಕೆ ಕುಯ್ಯೋದು ಬೇರೆ. ನಮ್ಮನೇಲಿ ಅದನ್ನ ಯಾರೂ ಮಾಡಿಲ್ಲ."

ಹೇಗೂ ಹಾಳೆ ಉದುರುವ ಗೋಂದಿನ ಪುಸ್ತಕಗಳನ್ನೇ ಲ್ಯಾಮಿನೇಟ್ ಮಾಡಬಾರದೇ ಎಂದರು ಸಿಸ್ಟರ್. ಅಕ್ಕ ಓದುಗರನ್ನು ಕೇಳಿದರು. "ಅದನ್ನ ಆಮೇಲೆ ಕೊಡಿ," ಎಂದರು ಕಂಡಕ್ಟರು. "ಮೊದಲು ಈ ಕೇಸ್ ಏನಾಯ್ತು ಹೇಳಿ. ಕೋರ್ಟ್ ಬಾಗಿಲಲ್ಲಿ ಇಳಿಸಿ ಬಸ್ ಬಿಟ್ಕೊಂಡು ಹೋದ್ರೆ ಹೆಂಗೆ?" ಬಾಯಲ್ಲೇ ಹೇಳಿಬಿಡಬಹುದಿತ್ತು. ಅದಕ್ಕೆ ಟೈಲರಮ್ಮ ಒಪ್ಪಲಿಲ್ಲ. "ಇವರು ಹೇಳಿದ್ರೆ ಕಂಡಕ್ಟರು ನಂಬಲ್ಲ. ಅಚ್ಚಾಗಿರೋದೇ ತೋರಿಸ್ಬೇಕು."

ಒಂದು ಸಂಜೆ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಮೊದಲ ಫಾರಂ ಹರವಿ ಕೂತರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ನಾನು ಜನ್ಮವಿಡೀ ಮಡಚಿದ್ದನ್ನ ನೀನು ಕುಯ್ತೀಯೇನೇ?" ಎಂದರು. ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಓದುವವರು ಯಾರು, ಅವರ ಕೈಗೆ ಏನಾಗಿದೆ ಎಂದು ಅಮ್ಮ ಕೇಳಿದರು. ಇಷ್ಟು ದಿನ ಕೇಳಿರಲಿಲ್ಲ. ಅಕ್ಕ ಕಂಡಕ್ಟರ ವಿಷಯ, ಟೈಲರಮ್ಮನ ವಿಷಯ, ಸೂಜಿಯ ವಿಷಯ ಹೇಳಿದರು. ಅಮ್ಮ ಒಳಗೆ ಹೋಗಿ ಅಪ್ಪನ ಹಳೆಯ ಬೈಂಡಿಂಗ್ ಚಾಕು ತಂದಿಟ್ಟರು. "ಕತ್ತರೀಲಿ ಬೇಡ. ಅಂಚು ಹಲ್ಲು ಹಲ್ಲಾಗುತ್ತೆ. ಇದ್ರಲ್ಲಿ ಒಂದೇ ಸಲಕ್ಕೆ ಎಳಿ."

ಅಕ್ಕ ಎಳೆದರು.

ತಿಂಗಳ ಕೊನೆಯ ಶನಿವಾರದ ಬೆಳಗು. ಟ್ರಾಲಿಯ ಮೇಲೆ ಈಗ ಹೊಳೆಯುವ ಹಾಳೆಗಳು, ಮೂಲೆಯಲ್ಲಿ ತೂತು ಮಾಡಿ ಪ್ಲಾಸ್ಟಿಕ್ ಉಂಗುರ ಹಾಕಿದೆ. ಹಿರಿಯ ಸಿಸ್ಟರ್ ಎರಡು ಬದಿ ಒರೆಸಿ, ಬೆಳಕಿಗೆ ಹಿಡಿದು, ಉಂಗುರವನ್ನೂ ಒರೆಸಿ, "ಆಗ್ಬಹುದು" ಎನ್ನುತ್ತಾರೆ. ಒಬ್ಬರ ಕೈಯಿಂದ ಬಂದದ್ದನ್ನು ಹೀಗೆ ಒರೆಸಿ ಒಣಗಿಸದೆ ಇನ್ನೊಬ್ಬರಿಗೆ ಕೊಡಬಾರದು ಎಂಬ ಷರತ್ತು. ಅಂದರೆ ಅಕ್ಕನಿಗೆ ದಿನಾ ಇನ್ನೊಂದು ಸುತ್ತು ಒರೆಸುವ ಕೆಲಸ. ಇದಕ್ಕೂ ಸಂಬಳವಿಲ್ಲ.

"ಏನ್ರೀ ಇದು, ಹೋಟೆಲ್ ಮೆನು ಇದ್ದಂಗಿದೆ," ಎನ್ನುತ್ತಾರೆ ಟೈಲರಮ್ಮ.

"ಆರ್ಡರ್ ಗೀರ್ಡರ್ ಮಾಡ್ಬೇಡಿ ಮತ್ತೆ," ಎನ್ನುತ್ತಾರೆ ಕಂಡಕ್ಟರು.

ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದು ಮೊದಲ ಸಾಲುಗಳು ಕಾಣುವುದಿಲ್ಲ. ಅಕ್ಕ ಕುರ್ಚಿಯ ಬೆನ್ನನ್ನು ಸ್ವಲ್ಪ ವಾಲಿಸುತ್ತಾರೆ. ಕಾಣುತ್ತದೆ. ಟೈಲರಮ್ಮ ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ಹಾಳೆ ದಾಟಿಸುತ್ತಾರೆ. ಈ ಸಲ ನಿದ್ದೆ ಮಾಡುವುದಿಲ್ಲ. ಅರ್ಧ ಪಾಳಿ ಕಳೆದ ಮೇಲೆ ಹಾಳೆಗಳನ್ನು ಎದೆಯ ಮೇಲೆ ಮಗುಚಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾರೆ.

"ತೀರ್ಪು ಯಾರ ಕಡೆ?" ಕಂಡಕ್ಟರು ಕೇಳುತ್ತಾರೆ.

"ನಿಮ್ಮ ಕಡೆ. ಮೇಲಿನೂರಿಗೇ ಕೊಟ್ಬಿಟ್ರು ಪಾಪಿಗಳು."

ಕಂಡಕ್ಟರು ಗೆದ್ದವರಂತೆ ಕಾಣುವುದಿಲ್ಲ. "ಮತ್ತೆ ಕೆಳಗಿನೂರೋರು ಏನ್ಮಾಡಿದ್ರು?" ಎನ್ನುತ್ತಾರೆ. ಅಕ್ಕ ಆಗಲೇ ಮುಂದಿನ ಫಾರಂ ಒರೆಸುತ್ತಿದ್ದಾರೆ.

ಕತ್ತರಿಸಿದ್ದಕ್ಕೆ ಬೇಸರ ಇದೆಯೇ ಎಂದರೆ ಇದೆ ಎನ್ನುತ್ತಾರೆ, ಮುಚ್ಚಿಡುವುದಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಒರೆಸುವ ಬಟ್ಟೆ ಹಿಂಡುತ್ತ ಯೋಚಿಸುತ್ತಾರೆ. "ಈ ಚರಿತ್ರೆ ಬರೆದೋರು ಬದುಕಿದಾರೋ ಇಲ್ವೋ ಗೊತ್ತಿಲ್ಲ. ಇದ್ರೆ ಒಂದ್ಸಲ ಇಲ್ಲಿಗೆ ಬರ್ಬೇಕು. ಆದ್ರೆ ಬಂದೋರು ನಾನು ಕುಯ್ದಿರೋ ಪುಸ್ತಕದ ಕಡೆ ನೋಡ್ಲೇಬಾರ್ದು. ಓದ್ತಾ ಇರೋರ ಮುಖ ನೋಡ್ಕೊಂಡು ಹೊರಟ್ಬಿಡ್ಬೇಕು."