ಬೆಳಕು ಬೀಳದ ಕಡೆಯ ಗಂಟು

ಹುಲಿಗೆಮ್ಮ ಧರ್ಮಪ್ಪನನ್ನು ಮೊದಲು ಕಂಡದ್ದು ೨೦೦೩ರ ಏಪ್ರಿಲ್‌ನಲ್ಲಿ. ರಣಬಿಸಿಲಿನ ಮಧ್ಯಾಹ್ನ, ತಲೆಯಿಂದ ಕಾಲಿನವರೆಗೆ ಕರಿಕಂಬಳಿ ಹೊದ್ದ ಗಂಡಸೊಬ್ಬ ರವೀಂದ್ರನಗರದ ಅವಳ ಮನೆ ಮುಂದೆ ಆಟೋದಿಂದ ಇಳಿದ. ಹಿಂದೆ ಅವನ ಮಗಳು ಮೈತ್ರಿ.

“ಚಳಿಜ್ವರವೇನಣ್ಣಾ?”

“ಅಲ್ಲ ಮಾರಾಯ್ತಿ, ನಾಲಿಗೆ ಕ್ಯಾನ್ಸರು. ಬೆಳಕು ಇಟ್ಟಿದಾರೆ.”

“ಕರೆಂಟಾ?”

“ಕರೆಂಟಲ್ಲ, ಬೆಳಕು! ಮೊದ್ಲು ಸೂಜಿಮದ್ದು, ಆಮೇಲೆ ಬಾಯೊಳಗೆ ಕೆಂಪು ದೀಪ. ಮದ್ದು ಮೈಯಲ್ಲಿರೋವರೆಗೂ ಬಿಸಿಲು ತಾಗಂಗಿಲ್ಲ. ಭದ್ರಾವತೀಲಿ ಮೂವತ್ತು ವರ್ಷ ಫರ್ನೇಸ್ ಮುಂದೆ ನಿಂತೋನು, ಈಗ ಕಿಟಕಿಗೆ ಹೆದರ್ತೀನಿ ನೋಡು!”

ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಗೆ ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದ ಹಿಂದಿನ ಕೋಣೆಯ ಕಿಟಕಿಗೆ ಹುಲಿಗೆಮ್ಮ ದಪ್ಪ ಜಮಖಾನೆ ಕಟ್ಟಿದಳು.

ಬೆಳಕು ಬಿದ್ದದ್ದು ನಾಲಿಗೆಯ ಬಲಗಡೆಗೆ ಮಾತ್ರ. ಕತ್ತಿನ ಎಡಕ್ಕೆ ಇನ್ನೊಂದು ಗಂಟಿತ್ತು. ಅದು ಬೆಳೆದರೆ ದೊಡ್ಡ ಆಪರೇಷನ್, ನಾಲಿಗೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರ್ ದಾಕ್ಷಾಯಣಿ. ಕಾರ್ಖಾನೆಯ ಸದ್ದನ್ನೂ ಮೀರಿ ಕೂಗಿ ಪಳಗಿದ ದನಿ ಅವನದು.

ಹುಲಿಗೆಮ್ಮನಿಗೆ ರುಜು ಹಾಕುವಷ್ಟೇ ಅಕ್ಷರ. ದಿನಾ ಬೆಳಿಗ್ಗೆ ಹೂ ಕಟ್ಟುವ ದಾರದಿಂದ ಎರಡೂ ಕಡೆಯ ಊತ ಅಳೆದು, ಅಷ್ಟುದ್ದಕ್ಕೆ ಕತ್ತರಿಸಿ, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕುತ್ತಿದ್ದಳು. ಎಡಗಡೆಯದೆಂದು ಗೊತ್ತಾಗಲು ಆ ದಾರದ ತುದಿಗೊಂದು ಗಂಟು.

ನಾಲ್ಕನೆಯ ದಿನ ಬಲಗೆನ್ನೆ ಬನ್ನಿನಂತೆ ಊದಿತು. “ರೋಗ ಹಬ್ಬಿತು. ಇನ್ನು ಇಲ್ಲಿದ್ದೇನು ಫಲ? ಜನ್ನಾಪುರದ ನಮ್ಮನೆಗೆ ಹೋಗೋಣ ಅಪ್ಪಾ,” ಮೈತ್ರಿ ಬಟ್ಟೆ ತುಂಬತೊಡಗಿದಳು.

“ತಡಿಯವ್ವಾ. ಗಂಟಿನ ದಾರ ನಿನ್ನೆಗಿಂತ ಕೂದಲೆಳೆ ಗಿಡ್ಡ ಐತೆ. ನಿಲ್ಲು,” ಅಂದಳು ಹುಲಿಗೆಮ್ಮ.

ನಿಂತರು. ಕೆನ್ನೆಯ ಬಾವು ಇಳಿಯಿತು. ತಿಂಗಳು ತುಂಬಿದ ಮೇಲೆ ಹುಲಿಗೆಮ್ಮ ಡಾಕ್ಟರ ಮೇಜಿನ ಮೇಲೆ ದಾರಗಳನ್ನು ದಿನದ ಲೆಕ್ಕದಲ್ಲಿ ಜೋಡಿಸಿದಳು. ಗಂಟಿನ ದಾರಗಳು ಮೆಟ್ಟಿಲಿಳಿದಂತೆ ಗಿಡ್ಡವಾಗುತ್ತಾ ಬಂದಿದ್ದವು.

“ಈ ಕಡೆ ನಾವು ಬೆಳಕೇ ಬಿಟ್ಟಿಲ್ವಲ್ಲ!” ಡಾಕ್ಟರು ಕತ್ತು ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ನಕ್ಕರು. “ಬೆಳಕು ಸುಟ್ಟ ಜಾಗಕ್ಕೆ ಮೈಯೊಳಗಿನ ಕಾವಲು ಪಡೆ ಓಡಿಬಂತು. ಆ ಬಾವು ಅದೇ. ಅಲ್ಲಿ ಶತ್ರು ಗುರುತು ಹಿಡಿದು, ಇಲ್ಲಿಗೂ ಬಂದಿರಬೇಕು. ಎಲ್ಲರಿಗೂ ಹೀಗಾಗಲ್ಲ. ಸದ್ಯಕ್ಕೆ ಆಪರೇಷನ್ ಬೇಡ.”

“ನನ್ನೋರು ಓವರ್‌ಟೈಮ್ ಮಾಡಿದಾರೆ ಬಿಡಿ!” ಧರ್ಮಪ್ಪನ ದನಿಗೆ ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಜೂನ್‌ನಲ್ಲಿ ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಬರಿತಲೆಯಲ್ಲಿ ಬೀದಿಗಿಳಿದ. ಹುಲಿಗೆಮ್ಮ ಆ ಬೆಳಿಗ್ಗೆ ಅಳೆದದ್ದನ್ನು ಅವನ ಅಂಗೈಗಿಟ್ಟಳು. ಅದರಲ್ಲಿ ದಾರವೇ ಉಳಿದಿರಲಿಲ್ಲ, ಬರೀ ಗಂಟು.

ಅವನು ಬೀದಿಗೆಲ್ಲಾ ಕೇಳುವಂತೆ ಕೂಗಿದ:

“ಹುಲಿಗೆಮ್ಮಾ, ಈ ಗಂಟು ನಾನೇ ಇಟ್ಕೊಳ್ಲಾ?”